ಹಲ್ಲುಬಂಡೆಗೆ ಹೆಣ್ಣು ನೋಡಲು

ನಮ್ಮ ಊರಿನಲ್ಲಿ ಯಾವುದಾದರೂ ಮನೆಯವರು ವಾರವಿಡೀ ಮೂರು ಹೊತ್ತೂ ಅಕ್ಕಿರೊಟ್ಟಿಯನ್ನೇ ತಿನ್ನುತ್ತಿದ್ದರೆ, ಆ ಮನೆಯಲ್ಲಿ ಯಾರೋ ಮರದ ಮಣೆಯ ಮೇಲೆ ನಿಂತು ತೆರೆ ಏರಲು ಹೊರಟಿದ್ದಾರೆ ಎಂದು ತಿಳಿದುಕೊಳ್ಳಬೇಕು. ನಮ್ಮ ಸಮುದ್ರಕ್ಕೆ ಕಿವಿ ಬಹಳ ಚುರುಕು. ಅದಕ್ಕೆ ಕೇಳಿಸದ ಹಾಗೆ ಮಾತಾಡಬಹುದಾದ ಜಾಗ ಊರಿಗೆಲ್ಲ ಒಂದೇ ಒಂದು, ಇನಾಸ ಪೊರ್ಬುಗಳ ಹಿಟ್ಟಿನ ಗಿರಣಿ. ಅದೂ ಬೆಲ್ಟು ತಿರುಗುತ್ತಿರುವಷ್ಟು ಹೊತ್ತು ಮಾತ್ರ. ಬರಿದೇ ಗಿರಣಿ ತಿರುಗಿಸಲು ಪೊರ್ಬುಗಳು ಒಪ್ಪುವುದಿಲ್ಲ, ಕಲ್ಲು ಸವೆಯುತ್ತದೆ ಎನ್ನುತ್ತಾರೆ. ಹಾಗಾಗಿ ಗುಟ್ಟು ಮಾತಾಡಬೇಕಾದವರು ಅಕ್ಕಿ ಹೊತ್ತುಕೊಂಡೇ ಬರಬೇಕು. ಮಾತು ಉದ್ದವಾದಷ್ಟೂ ಹಿಟ್ಟು ಹೆಚ್ಚು, ಹಿಟ್ಟು ಹೆಚ್ಚಾದಷ್ಟೂ ರೊಟ್ಟಿ ಹೆಚ್ಚು. ತೆರೆ ಏಳುವ ಕಾಲದಲ್ಲಿ ಊರಿನ ಹೆಂಗಸರ ಸಿಟ್ಟು ಯಾರ ಮೇಲೆ ಎಂದು ಕೇಳುವುದೇ ಬೇಡ.

ಸಮುದ್ರದ ಸ್ವಭಾವವೇ ಹಾಗೆ. ಕರೆದರೆ ಬಾರದೆ, ಕರೆಯದಿದ್ದರೆ ಟ್ರಂಕು ಸಮೇತ ಬಂದಿಳಿಯುವ ಕೆಲವು ನೆಂಟರಿರುತ್ತಾರಲ್ಲ, ಆ ಜಾತಿಗೆ ಸೇರಿದ್ದು. ನಿನ್ನ ತೆರೆ ಏರಲು ಬರುತ್ತಿದ್ದೇವೆ ಎಂದು ಅದಕ್ಕೆ ಗೊತ್ತಾಯಿತೋ, ಚಾಪೆ ಹಾಸಿದ ಹಾಗೆ ಚಪ್ಪಟೆ ಮಲಗಿಬಿಡುತ್ತದೆ. ನಮಗೆ ನಿನ್ನ ಗೊಡವೆಯೇ ಇಲ್ಲ, ಬೇರೆ ಏನೋ ಕೆಲಸಕ್ಕೆ ಹೊರಟಿದ್ದೇವೆ ಎಂದರೆ, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಎಂದು ಮುನಿದು ತೆರೆಯ ಹಿಂದೆ ತೆರೆ ಎಬ್ಬಿಸುತ್ತದೆ. ನಮ್ಮ ಬೆಸ್ತರು ಬಲೆ ಬೀಸುವ ಮೊದಲು "ಇವತ್ತು ನಮ್ಮಲ್ಲಿ ತೊಂಡೆಕಾಯಿ ಪಲ್ಯ, ಮೀನು ಯಾರಿಗೂ ಸೇರುವುದಿಲ್ಲ" ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದು ಇದೇ ಕಾರಣಕ್ಕೆ. ಹೊರಗಿನಿಂದ ಬಂದವರು ನಮ್ಮನ್ನು ಸುಳ್ಳರು ಎನ್ನುತ್ತಾರೆ. ಎರಡು ದಿನ ಉಳಿದ ಮೇಲೆ ಅವರೂ ಶುರು ಮಾಡುತ್ತಾರೆ.

ಬೆಳಿಗ್ಗೆ ದೋಣಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಸಿಗುವ ದ್ವೀಪವೊಂದಿದೆ. ಅದರ ತೆಂಕಣ ತುದಿಯಲ್ಲಿ ನೀರಿನಡಿ ಹವಳದ ಬಂಡೆ ಕೊಡಲಿಯ ಬಾಯಿಯಂತೆ ಬಾಗಿ ಹೋಗಿದೆ. ಹಲ್ಲುಬಂಡೆ ಎನ್ನುತ್ತೇವೆ, ಬಿದ್ದವರನ್ನು ಕಚ್ಚುವುದರಿಂದ. ಆಳದಿಂದ ಬಂದ ತೆರೆ ಆ ಬಂಡೆಗೆ ಎಡವಿ ಒಮ್ಮೆಲೇ ಎದ್ದು ನಿಂತು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಡಿಸಿದ ಬಾಳೆಲೆಯ ಹಾಗೆ ಮಗುಚುತ್ತಾ ಹೋಗುತ್ತದೆ. ಅಂಥ ತೆರೆ ಬೇರೆಲ್ಲೂ ಇಲ್ಲ. ಅಲ್ಲಿಗೆ ಹೋಗಲು ನಾವು ಹೇಳುವ ನೆವ ಹೆಣ್ಣು ನೋಡುವುದು. ದ್ವೀಪದಲ್ಲಿ ಶೇಷಪ್ಪನವರ ಮನೆಯಿದೆ, ಅವರ ಮಗಳು ವನಜಾಕ್ಷಿ ಅಲ್ಲಿನ ನರ್ಸು. ಪ್ರತಿವರ್ಷ ನಮ್ಮವರು ಒಂದಷ್ಟು ಹಿಟ್ಟು ಕೊಂಡುಹೋಗಿ, ಅವಳನ್ನು ನೋಡುವ ಶಾಸ್ತ್ರ ಮಾಡಿ, ಶೀರಾ ತಿಂದು ಬಂಡೆಯ ಕಡೆ ಓಡುತ್ತಾರೆ. ನಾನೂ ಹಲವು ಸಲ ಹಾಗೆ ಹೆಣ್ಣು ನೋಡಿ ಬಂದಿದ್ದೇನೆ. ಶೀರಾದ ರುಚಿ ನನಗೆ ಚೆನ್ನಾಗಿ ನೆನಪಿತ್ತು, ಅದರಲ್ಲಿ ಲವಂಗ ಇರುತ್ತಿತ್ತು. ಹುಡುಗಿಯ ಮುಖ ಕೇಳಿದರೆ ಹೇಳಲಾರದವನಾಗಿದ್ದೆ.

ಇಡೀ ಊರಿನಲ್ಲಿ ಹಲ್ಲುಬಂಡೆ ನೋಡದೆ ಉಳಿದ ತೆರೆಗಾರ್ತಿ ಎಂದರೆ ನನ್ನ ಸೋದರತ್ತೆ ಗುಲಾಬಿ ಒಬ್ಬರೇ. ನಮಗೆಲ್ಲ ತೆರೆ ಏರಲು ಕಲಿಸಿದವರೇ ಅವರು. ಮಣೆಯ ಮೇಲೆ ಹೊಟ್ಟೆ ಊರಿ ಮಲಗುವುದು, ತೆರೆ ಹಿಂದಿನಿಂದ ನೂಕಿದಾಗ ಚಂಗನೆ ಎದ್ದು ನಿಲ್ಲುವುದು, ಬಿದ್ದರೆ ತಲೆ ಮುಚ್ಚಿಕೊಳ್ಳುವುದು, ಎಲ್ಲವನ್ನೂ ಊರ ತೀರದ ಮೊಣಕಾಲೆತ್ತರದ ತೆರೆಗಳಲ್ಲಿ ಅವರು ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಮೊಣಕಾಲೆತ್ತರದ್ದೇ ಯಾಕೆಂದರೆ ಅವರಿಗೆ ಅದಕ್ಕಿಂತ ದೊಡ್ಡದು ಸಿಗುವುದಿಲ್ಲ. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ದಿನಾ ಬೆಳಿಗ್ಗೆ ನೀರಿಗಿಳಿಯುವ ಮೊದಲು "ಇಕೋ, ತೆರೆ ಏರ್ಲಿಕ್ಕೆ ಬಂದೆ" ಎಂದು ಸಮುದ್ರದ ಮುಖಕ್ಕೇ ಹೇಳುತ್ತಾರೆ. ಸಮುದ್ರವೂ ಪಾಪ ಎಂದು ಏನೋ ಚಿಲ್ಲರೆ ಕೊಡುತ್ತದೆ.

ಹಿಂದೆ ಎರಡು ಸಲ ಅವರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುವ ಪ್ರಯತ್ನವಾಗಿತ್ತು. ಒಮ್ಮೆ ದೋಣಿ ದಡ ಬಿಡುವಾಗಲೇ "ದೇವರೇ, ಇವತ್ತಾದ್ರೂ ದೊಡ್ಡ ತೆರೆ ಸಿಗ್ಲಿ" ಎಂದು ಕೈಮುಗಿದರು. ಇನ್ನೊಮ್ಮೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತವರು ಅರ್ಧ ದಾರಿಯಲ್ಲಿ ಅದನ್ನು ಬಿಚ್ಚಿ, "ಸುಮ್ಮನೆ ಕೂತ್ರೂ ಸುಳ್ಳು ಹೇಳಿದ ಹಾಗೇ ಆಗ್ತದೆ" ಎಂದು ಎಲ್ಲವನ್ನೂ ಒದರಿಬಿಟ್ಟರು. ಹುಡುಗಿಯಾಗಿದ್ದಾಗ ಅವರನ್ನು ನೋಡಲು ಬಂದ ಗಂಡಿನ ಕಡೆಯವರು "ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ತೀಯಾ?" ಎಂದು ಕೇಳಿದ್ದಕ್ಕೆ, "ಮೊದಲು ಅವರು ಹೇಗಿದ್ದಾರೆ ಅಂತ ನೋಡ್ಬೇಕಷ್ಟೆ" ಎಂದಿದ್ದರಂತೆ. ಆ ಸಂಬಂಧ ಅಲ್ಲಿಗೇ ನಿಂತಿತು, ಮುಂದಿನವೂ ಸುಮಾರು ಹಾಗೇ ನಿಂತವು. ಅತ್ತೆಗೆ ಅದರ ಬಗ್ಗೆ ದುಃಖವಿರಲಿಲ್ಲ. ದುಃಖ ಇದ್ದದ್ದು ಒಂದೇ. ನಾವು ಹಲ್ಲುಬಂಡೆಯಿಂದ ಮರಳಿದ ದಿನ ಅವರು ನಮ್ಮನ್ನು ಗಿರಣಿಗೆ ಎಳೆದುಕೊಂಡು ಹೋಗಿ ಕೇಳುತ್ತಿದ್ದರು, "ಎಷ್ಟು ದಪ್ಪ ಇತ್ತು? ಮಗುಚುವಾಗ ಒಳಗೆ ಬೆಳಕು ಕಾಣ್ತದಾ? ಕೆಳಗೆ ಹವಳ ಕಂಡಿತಾ?" ನಾವು ಹೇಳುತ್ತಿದ್ದೆವು. ಅವರು ತಲೆದೂಗಿ, ಹಿಟ್ಟಾದ ಅಕ್ಕಿ ಹೊತ್ತುಕೊಂಡು ಒಬ್ಬರೇ ಮನೆಗೆ ಹೋಗುತ್ತಿದ್ದರು.

ಈ ವರ್ಷ ಅವರ ಮೊಣಕಾಲು ನೋಡಿದ ಡಾಕ್ಟರು ಹೇಳಿದರು, ಬರುವ ಮಳೆಗಾಲದ ಮೇಲೆ ಕುಕ್ಕರುಗಾಲಿನಿಂದ ಏಳಲು ಆಗಲಿಕ್ಕಿಲ್ಲ ಎಂದು. ಮಣೆಯ ಮೇಲೆ ಏಳಲಾಗದ ಮೇಲೆ ಇನ್ನೆಲ್ಲಿಯ ತೆರೆ. ಅಂದರೆ ಈ ಸಲ ಹಲ್ಲುಬಂಡೆ ಸಿಗದಿದ್ದರೆ ಅತ್ತೆಗೆ ಇನ್ನು ಸಿಗುವುದಿಲ್ಲ. ನಾನು ಐಸ್ ಫ್ಯಾಕ್ಟರಿಯ ಕೆಲಸ ಮುಗಿಸಿದವನೇ ಅಕ್ಕಿ ಹೊತ್ತು ಗಿರಣಿಗೆ ಹೋದೆ. ದೋಣಿಯ ಹಸನಬ್ಬ ಆಗಲೇ ತನ್ನ ಚೀಲದೊಂದಿಗೆ ಅಲ್ಲಿದ್ದ. ಇನಾಸ ಪೊರ್ಬುಗಳು ಬೆಲ್ಟು ಏರಿಸಿದರು. ಊರಿನ ಅತಿ ದೊಡ್ಡ ಸುಳ್ಳುಗಾರ ಎಂಬ ಮರ್ಯಾದೆ ಅವರಿಗಿದೆ.

"ನಮ್ಮ ಸುಳ್ಳೆಲ್ಲ ಹಳತಾಯ್ತು ಭುಜಂಗ," ಎಂದು ಪೊರ್ಬುಗಳು ಗಿರಣಿಯ ಸದ್ದಿನ ಮೇಲೆ ಕೂಗಿದರು. "ಹೋದ ವರ್ಷ ಸೊಂಟದೆತ್ತರವೂ ಬರ್ಲಿಲ್ಲ. ಸಮುದ್ರಕ್ಕೆ ಸಂಶಯ ಬಂದಿದೆ. ಒಬ್ಬಳೇ ಹುಡುಗಿಯನ್ನು ಎಷ್ಟು ಜನ ಎಷ್ಟು ಸಲ ನೋಡೋದು ಮಾರಾಯ?"

"ಮತ್ತೆ ಎಂತ ಮಾಡುವ?" ಎಂದು ಹಸನಬ್ಬ ಕೂಗಿದ.

ಪೊರ್ಬುಗಳು ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡರು. "ಗುಲಾಬಿಯಕ್ಕ ಹೇಳಿದ್ರೆ ಸಮುದ್ರ ನಂಬ್ತದೆ. ಆ ಬಾಯಿಂದ ಇವತ್ತಿನವರೆಗೆ ಸುಳ್ಳು ಬಂದದ್ದುಂಟಾ?"

"ಅವರು ಸುಳ್ಳು ಹೇಳುವುದಿಲ್ವಲ್ಲ!" ಎಂದೆ.

"ಅವರು ಯಾಕೆ ಹೇಳ್ಬೇಕು? ಸುಳ್ಳು ನಾವು ಅವರಿಗೆ ಹೇಳುವ. ಅವರು ಅದನ್ನೇ ಸತ್ಯ ಅಂತ ಸಮುದ್ರಕ್ಕೆ ಹೇಳ್ತಾರೆ."

ನಾನು ಪೊರ್ಬುಗಳ ಕಾಲಿಗೆ ಬೀಳುವುದೊಂದು ಬಾಕಿ. ಆ ದಿನ ನಾವು ಮೂರು ಚೀಲ ಅಕ್ಕಿ ಬೀಸುವಷ್ಟು ಮಾತಾಡಿದೆವು. ನನಗೆ ಮದುವೆಯ ಮನಸ್ಸಾಗಿದೆ, ಹಿರಿಯರೆಂದು ಅತ್ತೆಯೇ ಬರಬೇಕು ಎಂದು ನಾನು ಹೇಳುವುದು. ಅತ್ತೆಯ ಮಣೆಯನ್ನು ಹಸನಬ್ಬ ಕದ್ದು ತಂದು, ದೋಣಿಗೆ ಅಡ್ಡಲಾಗಿ ಇಟ್ಟು, ಮೇಲೆ ಚಾಪೆ ಹಾಸಿ, ಕೂರುವ ಹಲಗೆಯಂತೆ ಮಾಡುವುದು. ಭರತದ ನೀರು ಹವಳದ ಮೇಲೆ ಸಾಕಷ್ಟು ನಿಂತಿರುವ ಹೊತ್ತಿಗೆ ತಲುಪುವುದು. ಕುಡಿಯುವ ನೀರು, ಗಾಯಕ್ಕೆ ಅರಿಶಿನ, ಮಣೆಗೆ ಉಜ್ಜುವ ಜೇನುಮೇಣ, ಎಲ್ಲವೂ ನೆನಪಾಯಿತು. ಒಂದು ಮಾತ್ರ ನೆನಪಾಗಲಿಲ್ಲ. ಅದು ಯಾವುದೆಂದು ಮುಂದೆ ಹೇಳುತ್ತೇನೆ, ಈಗ ಹೇಳಿದರೆ ನೀವು ನಮ್ಮನ್ನು ದಡ್ಡರು ಎಂದು ಇಲ್ಲಿಂದಲೇ ನಗಲು ಶುರು ಮಾಡುತ್ತೀರಿ.

ಅತ್ತೆ ನನ್ನ ಮದುವೆಯ ಸುದ್ದಿ ಕೇಳಿ ಅತ್ತುಬಿಟ್ಟರು. ನನಗೆ ಅದು ಬೇಡವಾಗಿತ್ತು. ಪೆಟ್ಟಿಗೆಯ ತಳದಿಂದ ತಮ್ಮ ಒಂದೇ ಒಂದು ರೇಷ್ಮೆ ಸೀರೆ ತೆಗೆದು ಉಟ್ಟರು, ತಲೆಗೆ ಮಲ್ಲಿಗೆ ಮುಡಿದರು, ನನ್ನ ಗಡ್ಡವನ್ನು ತಾವೇ ನಿಂತು ತೆಗೆಸಿದರು. ದೋಣಿ ಹತ್ತುವ ಮೊದಲು ಅಭ್ಯಾಸದಂತೆ ಸಮುದ್ರದ ಎದುರು ನಿಂತು ವರದಿ ಒಪ್ಪಿಸಿದರು.

"ಇಕೋ, ಇವತ್ತು ತೆರೆಗೆ ಬಂದದ್ದಲ್ಲ. ನಮ್ಮ ಭುಜಂಗನಿಗೆ ಹೆಣ್ಣು ನೋಡ್ಲಿಕ್ಕೆ ದ್ವೀಪಕ್ಕೆ ಹೋಗ್ತಾ ಇದ್ದೇವೆ. ಹುಡುಗನಿಗೆ ನೆತ್ತಿಯಲ್ಲಿ ಕೂದಲು ಉದುರ್ತಾ ಉಂಟು, ಸ್ವಲ್ಪ ಸೋಮಾರಿ, ನಿದ್ದೆಯಲ್ಲಿ ಮಾತಾಡ್ತಾನೆ. ಆದ್ರೆ ಕೆಟ್ಟವನಲ್ಲ. ಒಳ್ಳೆಯದಾಗ್ಲಿ ಅಂತ ಹೇಳು."

ಸಮುದ್ರ ಅತ್ತೆಯ ಕಾಲಬುಡದ ತನಕ ಬಂದು ಮೆಲ್ಲಗೆ ಹಿಂದೆ ಸರಿಯಿತು. ದಾರಿಯುದ್ದಕ್ಕೂ ದೋಣಿಯಡಿ ಉದ್ದುದ್ದದ ಉಬ್ಬುಗಳು ಒಂದೊಂದಾಗಿ ದ್ವೀಪದ ಕಡೆ ಹೋಗತೊಡಗಿದವು. ಅಂಥ ಉಬ್ಬುಗಳನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಜೊತೆಗೆ ಬಂದಿದ್ದ ಪೊರ್ಬುಗಳು ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ಅತ್ತೆ ಚಾಪೆಯ ಮೇಲೆ ಆರಾಮವಾಗಿ ಕೂತು, "ಈ ಹಲಗೆ ಒಳ್ಳೆಯದುಂಟು ಹಸನಬ್ಬ, ಎಲ್ಲಿಂದ ತಂದದ್ದು?" ಎಂದು ಕೇಳಿದರು. ಹಸನಬ್ಬನಿಗೆ ಆಗಲೇ ಕೆಮ್ಮು ಬಂತು.

ಶೇಷಪ್ಪನವರು ಜಗಲಿಯ ಕುರ್ಚಿಯಲ್ಲಿ ಒರಗಿಕೊಂಡೇ, "ಬಂದ್ರಾ? ಹಿಟ್ಟು ಅಲ್ಲಿಡಿ. ಶೀರಾ ಆಗಿದೆ" ಎಂದರು. ವನಜಾಕ್ಷಿ ತಟ್ಟೆಗಳನ್ನು ತಂದು ನಮ್ಮ ಮುಂದೆ ಸಾಲಾಗಿ ಇಟ್ಟು, ಒಂದು ಸಲವೂ ತಲೆ ಎತ್ತದೆ ಒಳಗೆ ತಿರುಗಿದಳು. ಹೊರಗೆ ಹಲ್ಲುಬಂಡೆಯ ಮೇಲೆ ತೆರೆ ಮಗುಚುವ ಸದ್ದು ದಡಾರ್ ದಡಾರ್ ಎಂದು ಕೇಳುತ್ತಿತ್ತು. ಪೊರ್ಬುಗಳು ಎರಡೇ ತುತ್ತಿಗೆ ತಟ್ಟೆ ಖಾಲಿ ಮಾಡಿದರು.

"ಎಲ್ಲಿಗೆ ಹೋಗ್ತೀ ಮಗಳೇ? ಕೂತ್ಕೋ," ಎಂದರು ಅತ್ತೆ.

ವನಜಾಕ್ಷಿ ಗೊಂದಲದಿಂದ ನಮ್ಮನ್ನು ನೋಡಿದಳು. ಆ ಮನೆಯಲ್ಲಿ ಇದುವರೆಗೆ ಯಾರೂ ಅವಳಿಗೆ ಕೂರಲು ಹೇಳಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಅವಳು ಕೂತಳು. ಅಗಲ ಹಣೆ, ಬಲ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತು, ನಗಲು ತಯಾರಿದ್ದರೂ ನಗದೆ ಉಳಿದ ಬಾಯಿ.

"ಹುಡುಗನ ವಿಷಯ ನಾನೆಲ್ಲ ಹೇಳ್ತೇನೆ, ಒಂದೂ ಮುಚ್ಚಿಡುವುದಿಲ್ಲ," ಎಂದರು ಅತ್ತೆ. "ಅದಕ್ಕೆ ಮೊದಲು ನಿನ್ನ ಮನಸ್ಸು ಗೊತ್ತಾಗ್ಬೇಕು. ನಿನಗೆ ಎಂತ ಬೇಕು ಮಗಳೇ?"

ಶೇಷಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಇಲ್ಲಿಗೆ ಬಂದವರು ಶೀರಾ ತಿಂದು ಓಡ್ತಾರೆ ಅಮ್ಮ," ಎಂದಳು ವನಜಾಕ್ಷಿ. "ಒಬ್ಬರಾದ್ರೂ ತಮ್ಮ ತಟ್ಟೆ ತೊಳೆದಿಟ್ಟು ಹೋಗ್ಬೇಕು. ಅಷ್ಟೇ."

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಪೊರ್ಬುಗಳದ್ದೂ ಹಸನಬ್ಬನದ್ದೂ ಎತ್ತಿಕೊಂಡೆ. ಬಾವಿಯ ಕಟ್ಟೆಯ ಹತ್ತಿರ ಕೂತು ಬೂದಿ ಹಾಕಿ ಉಜ್ಜುತ್ತಿದ್ದಾಗ, ಅವಳು ನೀರಿನ ಕೊಡಪಾನ ತಂದು ಪಕ್ಕದಲ್ಲಿಟ್ಟಳು.

"ನೀವು ಮುಂಚೆ ಬಂದದ್ದು ನೆನಪುಂಟಾ?" ಎಂದು ಕೇಳಿದಳು.

"ಉಂಟು... ಸ್ವಲ್ಪ ಸ್ವಲ್ಪ."

"ನಿಮ್ಮ ಎಡಗಾಲಿನ ಹಿಮ್ಮಡಿಗೆ ಹೊಲಿಗೆ ಹಾಕಿದ್ದು ನಾನೇ. ಆಗಲೂ ನೀವು ನನ್ನನ್ನು ನೋಡ್ಲಿಲ್ಲ, ಬಂಡೆಯನ್ನೇ ನೋಡ್ತಾ ಇದ್ರಿ."

ನನ್ನ ಕಿವಿ ಬಿಸಿಯಾಯಿತು. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದೆ. ಅಷ್ಟರಲ್ಲಿ ಹಸನಬ್ಬ ಬೇಲಿಯಾಚೆಯಿಂದ ಕೈಯಾಡಿಸಿ, ನೀರು ಇಳಿಯಲು ಶುರುವಾಗುತ್ತದೆ, ಬೇಗ ಬನ್ನಿ ಎಂದು ಸನ್ನೆ ಮಾಡಿದ. ನೀರಿಳಿದರೆ ಹವಳ ಮೇಲೇಳುತ್ತದೆ, ಆಮೇಲೆ ಅಲ್ಲಿ ಮಣೆ ಹಾಕುವುದೂ ಒಂದೇ, ತುರಿಯುವ ಮಣೆಯ ಮೇಲೆ ಬೀಳುವುದೂ ಒಂದೇ.

ನಾವು ಮರೆತದ್ದು ಯಾವುದೆಂದು ನಮಗೆ ತಿಳಿದದ್ದು ಆಗ. ಅತ್ತೆಗೆ ಗೊತ್ತಾಗದ ಹಾಗೆ ಅವರನ್ನು ಇಲ್ಲಿಗೆ ತರುವುದನ್ನು ಮೂರು ಚೀಲ ಅಕ್ಕಿ ಬೀಸಿ ಯೋಚಿಸಿದ್ದೆವು. ತಂದ ಮೇಲೆ ಅವರಿಗೆ ಗೊತ್ತು ಮಾಡುವುದು ಹೇಗೆ ಎಂದು ಒಂದು ಹಿಡಿ ಅಕ್ಕಿಯಷ್ಟೂ ಯೋಚಿಸಿರಲಿಲ್ಲ. ದ್ವೀಪದಲ್ಲಿ ಗಿರಣಿಯಿಲ್ಲ. ಎಲ್ಲಿ ನಿಂತರೂ ನಾಲ್ಕೂ ಕಡೆ ಸಮುದ್ರ, ನಾಲ್ಕೂ ಕಡೆ ಕಿವಿ. ಪೊರ್ಬುಗಳು ನನ್ನ ಮುಖ ನೋಡಿದರು, ನಾನು ಹಸನಬ್ಬನ ಮುಖ ನೋಡಿದೆ, ಹಸನಬ್ಬ ಆಕಾಶ ನೋಡಿದ.

"ಮಾತಾಡದೆ ತೋರಿಸುವ," ಎಂದು ಪೊರ್ಬುಗಳು ಕೈಸನ್ನೆಯಲ್ಲಿ ಹೇಳಿದರು. ದೋಣಿ ನೋಡಿ ಬರುವ ಎಂದು ನಾನು ಅತ್ತೆಯನ್ನು ತೀರಕ್ಕೆ ಕರೆತಂದೆ. ಅವರು ದಾರಿಯುದ್ದಕ್ಕೂ ಹುಡುಗಿಯನ್ನು ಹೊಗಳುತ್ತಿದ್ದರು. ಎದುರಿಗೆ ಹಲ್ಲುಬಂಡೆಯ ಮೇಲೆ, ನಾನು ಕನಸಿನಲ್ಲೂ ಕಾಣದಂಥ ತೆರೆಗಳು, ಒಂದರ ಹಿಂದೆ ಒಂದು, ಹಸಿರು ಗಾಜಿನ ಹಾಗೆ ಎದ್ದು ಎಡಕ್ಕೆ ಮಗುಚುತ್ತಾ ಹೋಗುತ್ತಿದ್ದವು. ಅತ್ತೆಯ ಮಾತು ನಿಂತಿತು. ನಾನು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ದೋಣಿಯ ಹಲಗೆಯ ಮೇಲಿನ ಚಾಪೆ ಎಳೆದೆ.

"ಅಯ್ಯೋ!" ಎಂದು ಅತ್ತೆ ದ್ವೀಪಕ್ಕೆಲ್ಲ ಕೇಳುವಂತೆ ಕೂಗಿದರು. "ಇದು ನನ್ನ ಮಣೆಯಲ್ವಾ! ನಾವು ತೆರೆ ಏರ್ಲಿಕ್ಕಾ ಬಂದದ್ದು?"

ಏಳುತ್ತಿದ್ದ ತೆರೆ ಅರ್ಧಕ್ಕೇ ನಿಂತು ಕುಸಿಯಿತು. ಅದರ ಹಿಂದಿನದು ಏಳಲೇ ಇಲ್ಲ. ನೋಡನೋಡುತ್ತಿದ್ದಂತೆ ಸಮುದ್ರ ಇಸ್ತ್ರಿ ಹಾಕಿದ ಬಟ್ಟೆಯಾಯಿತು. ಬಂಡೆಯ ಮೇಲೆ ಒಂದು ಬುರುಗಿನ ಗುಳ್ಳೆಯೂ ಉಳಿಯಲಿಲ್ಲ. ಪೊರ್ಬುಗಳು ಟೊಪ್ಪಿ ತೆಗೆದು ಮರಳಿನ ಮೇಲೆ ಬಡಿದರು.

ಅತ್ತೆ ಅಲ್ಲೇ ಕುಸಿದು ಕೂತರು. "ನನ್ನ ಬಾಯಿ, ನನ್ನ ಹಾಳು ಬಾಯಿ," ಎಂದು ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ನನಗೆ ತಡೆಯಲಾಗಲಿಲ್ಲ. ಇನ್ನು ಮುಚ್ಚಿಡುವುದಾದರೂ ಏನಿತ್ತು? ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ನಿಮಗಾಗಿಯೇ ಮಾಡಿದ್ದು ಅತ್ತೆ, ನಮಗೆಲ್ಲ ಕಲಿಸಿದವರು ನೀವು, ನಿಮ್ಮ ಮೊಣಕಾಲು ಹೋಗುವ ಮೊದಲು ಒಂದೇ ಒಂದು ಸಲ ಇದು ನಿಮಗೆ ಸಿಗಬೇಕೆಂದು ಆಸೆಯಿತ್ತು ಎಂದೆ. ಹೇಳುತ್ತಾ ನಾನೂ ಅತ್ತುಬಿಟ್ಟೆ.

ಅವರು ಮೂಗು ಒರೆಸಿಕೊಂಡು ನನ್ನನ್ನು ದಿಟ್ಟಿಸಿದರು. "ಹಾಗಾದ್ರೆ ಆ ಹುಡುಗಿ?"

"ಅದು... ನೆವ."

"ನೆವವಾ!" ಎಂದು ನನ್ನ ಬೆನ್ನಿಗೊಂದು ಕೊಟ್ಟರು. ಸಣ್ಣ ಏಟಲ್ಲ. "ಅಷ್ಟು ಚೆಂದದ ಹುಡುಗಿಯನ್ನು ನೆವ ಮಾಡ್ಲಿಕ್ಕೆ ನಾಚಿಕೆ ಆಗ್ಲಿಲ್ವಾ ನಿನಗೆ?"

ಅಷ್ಟರಲ್ಲಿ ವನಜಾಕ್ಷಿಯೇ ಬಂದಳು. ಗಾಯಕ್ಕೆ ಹೊಲಿಗೆ ಹಾಕುವ ಪೆಟ್ಟಿಗೆ ಕಂಕುಳಲ್ಲಿತ್ತು. ಇಂಥ ದಿನ ಅದು ಬೇಕಾಗುತ್ತದೆ ಎಂದು ಅವಳಿಗೆ ಅಭ್ಯಾಸವಾಗಿತ್ತು. ಚಪ್ಪಟೆ ಸಮುದ್ರವನ್ನು ನೋಡಿದಳು, ಚಾಪೆ ಸರಿದ ಮಣೆಯನ್ನು ನೋಡಿದಳು, ಅತ್ತೆಯ ಒದ್ದೆ ಮುಖ ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ಅತ್ತೆಯ ಎದುರು ಕೂತಳು.

"ಅಮ್ಮ, ನೀವು ನನ್ನ ಹತ್ತಿರ ಒಂದು ಮಾತು ಕೇಳಿದ್ರಿ," ಎಂದಳು. "ಅದನ್ನೇ ನಾನು ನಿಮ್ಮ ಹತ್ತಿರ ಕೇಳ್ತೇನೆ. ನಿಮಗೆ ಎಂತ ಬೇಕು?"

ಪೊರ್ಬುಗಳು ಕಣ್ಣು ಮುಚ್ಚಿಕೊಂಡರು. ಸಮುದ್ರ ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿತ್ತು, ನೀರು ದಡಕ್ಕೆ ತಾಗುವ ಸದ್ದು ಕೂಡ ಇರಲಿಲ್ಲ. ಅತ್ತೆ ಬಾಯಿ ತೆರೆದರು. ಆ ಬಾಯಿಯಲ್ಲಿ ಉತ್ತರ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಅವರು ಬಂಡೆಯ ಕಡೆ ನೋಡಿದರು, ಆಮೇಲೆ ಹುಡುಗಿಯ ಕಡೆ ನೋಡಿದರು.

"ನನಗಾ?" ಎಂದರು. "ನನಗೆಂತದೂ ಬೇಡ ಮಗಳೇ."

ಅವರ ಕಿವಿ ಕೆಂಪಗಾಯಿತು. ಎಡಗೈ ಸೀರೆಯ ಸೆರಗನ್ನು ಹಿಂಡುತ್ತಿತ್ತು. ಆದರೆ ಒಮ್ಮೆ ಶುರುವಾದ ಮೇಲೆ ಮಾತು ಸಲೀಸಾಗಿ ಹೊರಟಿತು.

"ಮಣೆ ನೋಡಿ ಒಂದು ಗಳಿಗೆ ಏನೋ ಕೂಗಿಬಿಟ್ಟೆ. ನನಗೆಂತಕ್ಕೆ ಈ ವಯಸ್ಸಿನಲ್ಲಿ ತೆರೆ ಗಿರೆ? ಯಾವತ್ತೂ ಅದರ ಮೇಲೆ ನನಗೆ ಅಂಥ ಆಸೆ ಇರ್ಲೇ ಇಲ್ಲ. ಮಕ್ಕಳು ಹಟ ಮಾಡ್ತಿದ್ರು, ಕಲಿಸಿದೆ, ಅಷ್ಟೇ. ನಾನು ಬಂದದ್ದು ನಿನಗಾಗಿ. ಈ ಸಮುದ್ರ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ." ಹೀಗೆಂದು ಎದ್ದು, ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ಅವರ ಕಣ್ಣಿನಿಂದ ನೀರು ದಳದಳ ಇಳಿಯುತ್ತಿದ್ದದ್ದು ಹುಡುಗಿಗೂ ನನಗೂ ಮಾತ್ರ ಕಾಣುತ್ತಿತ್ತು.

ಅರುವತ್ತು ವರ್ಷ ಆ ಬಾಯಿಂದ ಸತ್ಯವನ್ನೇ ಕೇಳಿದ ಸಮುದ್ರ ಅದು. ನಮ್ಮ ಮಾತಾಗಿದ್ದರೆ ನಕ್ಕು ಮಲಗುತ್ತಿತ್ತು. ಅತ್ತೆಯ ಮಾತನ್ನು ಅದು ಎದೆಗೆ ಹಚ್ಚಿಕೊಂಡಿತು. ದೂರದಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು, ಅದರ ಹಿಂದೆ ಇನ್ನೊಂದು. ಕಾಲಡಿಯ ಮರಳು ನಡುಗಿತು. ಹಲ್ಲುಬಂಡೆಯ ಮೇಲೆ ಮೊದಲನೆಯದು ಮಗುಚಿದ ಸದ್ದಿಗೆ ಶೇಷಪ್ಪನವರು ಕುರ್ಚಿ ಬಿಟ್ಟು ಹೊರಗೆ ಓಡಿ ಬಂದರಂತೆ.

ಅತ್ತೆ ತಿರುಗಿ ನೋಡಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು, ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿಕೊಂಡರು. "ಭುಜಂಗ," ಎಂದರು ಗಟ್ಟಿಯಾಗಿ, "ಈ ಹಾಳು ಹಲಗೆಯನ್ನು ಬಂಡೆಯ ಆಚೆ ಕೊಂಡುಹೋಗಿ ಬಿಸಾಡಿ ಬರ್ತೇನೆ. ದೋಣಿಯಲ್ಲಿ ಸುಮ್ಮನೆ ಭಾರ."

ಪೊರ್ಬುಗಳು ಶಿಲುಬೆಯ ಗುರುತು ಹಾಕಿಕೊಂಡರು. ಅವರ ಮುಖದಲ್ಲಿ ಗುರುವನ್ನು ಕಂಡ ಶಿಷ್ಯನ ಭಾವವಿತ್ತು.

ನಾನೂ ಹಸನಬ್ಬನೂ ದೋಣಿಯನ್ನು ಬಂಡೆಯ ಪಕ್ಕದ ಆಳದ ನೀರಿಗೆ ತಂದು ನಿಲ್ಲಿಸಿದೆವು. ಅತ್ತೆ ಮಣೆಯ ಮೇಲೆ ಹೊಟ್ಟೆ ಊರಿ ಕೈಯಿಂದ ನೀರು ಸೀಳುತ್ತಾ ಹೊರಟರು. ಮೊದಲ ತೆರೆಯನ್ನು ಬಿಟ್ಟರು, ಎರಡನೆಯದನ್ನೂ ಬಿಟ್ಟರು. ಬೇಡ ಎಂದವರು ಅವಸರ ಮಾಡಬಾರದಲ್ಲ. ಮೂರನೆಯದು ಎದ್ದು ನಿಂತಾಗ ಮಣೆ ತಿರುಗಿಸಿ, ಎರಡು ಸಲ ಕೈ ಬೀಸಿ, ಡಾಕ್ಟರು ಕೈಬಿಟ್ಟಿದ್ದ ಆ ಮೊಣಕಾಲಿನ ಮೇಲೆ ಚಂಗನೆ ಎದ್ದು ನಿಂತರು. ಮೊಣಕಾಲೆತ್ತರದ ನೀರಿನಲ್ಲಿ ಜೀವಮಾನವಿಡೀ ಮಾಡಿದ್ದನ್ನೇ ಅವರು ಅಲ್ಲಿ ಮಾಡಿದರು, ತೆರೆ ಮಾತ್ರ ಎರಡಾಳು ಎತ್ತರವಿತ್ತು. ನೀರು ಅವರ ತಲೆಯ ಮೇಲಿಂದ ಬಾಗಿ ಬಂದು ಮುಚ್ಚಿತು. ಅತ್ತೆ ಕಾಣಲಿಲ್ಲ. ಹಸನಬ್ಬ ನನ್ನ ತೋಳನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದ. ಆಮೇಲೆ ಆ ಹಸಿರಿನ ಬಾಯಿಂದ ಮೊದಲು ಮಣೆಯ ಮೂಗು, ನಂತರ ರೇಷ್ಮೆಯ ಜರಿ, ಕೊನೆಗೆ ಅತ್ತೆಯ ಇಡೀ ಮುಖ ಹೊರಬಂತು. ಅವರು ಬಾಯಿ ಮುಚ್ಚಿಕೊಂಡಿದ್ದರು, ಸಂತೋಷ ಎಲ್ಲಿ ಹೊರಗೆ ಬಂದುಬಿಡುತ್ತದೋ ಎಂದು ಎರಡೂ ತುಟಿಗಳನ್ನು ಒಳಗೆ ಕಚ್ಚಿ ಹಿಡಿದಿದ್ದರು. ಅಷ್ಟು ಖುಷಿಯಾದ ಮುಖವನ್ನು ನಾನು ಇಂದಿಗೂ ಕಂಡಿಲ್ಲ.

ಕೊನೆಯಲ್ಲಿ ಇಳಿಯುವಾಗ ಹಲ್ಲುಬಂಡೆ ಅವರ ಕಾ‌ಲನ್ನು ಕಚ್ಚಿತು. ತೀರದಲ್ಲಿ ವನಜಾಕ್ಷಿ ಹೊಲಿಗೆ ಹಾಕುತ್ತಿದ್ದಾಗ ಅತ್ತೆ ಆಕಾಶ ನೋಡುತ್ತಾ ಒಳಗೊಳಗೇ ನಗುತ್ತಿದ್ದರು. ನಾನು ದೀಪ ಹಿಡಿದವನ ಹಾಗೆ ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದೆ. ಬಂಡೆಯ ಕಡೆ ಇನ್ನೂ ತೆರೆ ಏಳುತ್ತಿತ್ತು. ನಾನು ನೋಡಲಿಲ್ಲ.

"ನೀವು ಹೋಗುವುದಿಲ್ವಾ?" ಎಂದು ಅವಳು ದಾರ ಕತ್ತರಿಸುತ್ತಾ ಕೇಳಿದಳು.

"ನಾನು ಹೆಣ್ಣು ನೋಡ್ಲಿಕ್ಕೆ ಬಂದದ್ದು," ಎಂದೆ.

"ಅದನ್ನು ಎಲ್ಲರೂ ಹೇಳ್ತಾರೆ." ಅವಳು ಈ ಸಲ ನಕ್ಕೇಬಿಟ್ಟಳು. "ತೆರೆಯಿಲ್ಲದ ಕಾಲದಲ್ಲಿ ಬನ್ನಿ. ಸುಡುಬೇಸಿಗೆಯಲ್ಲಿ, ಸಮುದ್ರ ಸತ್ತ ಹಾಗೆ ಬಿದ್ದಿರ್ತದಲ್ಲ, ಆಗ. ಆಗ ನಂಬ್ತೇನೆ."

ಬೇಸಿಗೆ ಬರುವವರೆಗೆ ನಾನು ಹೇಗಿದ್ದೆನೋ ನನಗೇ ಗೊತ್ತು. ಐಸ್ ಫ್ಯಾಕ್ಟರಿಯಲ್ಲಿ ಎರಡು ಸಲ ಬೀಗ ಹಾಕಲು ಮರೆತೆ. ಯಾರೊಡನೆಯೂ ಗಿರಣಿಗೆ ಹೋಗಿ ಕೂಗಬೇಕಾದದ್ದು ಏನೂ ಇರಲಿಲ್ಲ, ಜೀವನದಲ್ಲಿ ಮೊದಲ ಸಲ ನನ್ನ ಪ್ರಯಾಣದಲ್ಲಿ ಗುಟ್ಟೇ ಇರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಗಾಳಿಯೆಂಬುದೇ ಇಲ್ಲದ ದಿನ, ಹೊಸ ಅಂಗಿ ಹಾಕಿಕೊಂಡು ಹಸನಬ್ಬನ ದೋಣಿ ಹತ್ತಿದೆ. ಸಮುದ್ರಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದೆ, ವನಜಾಕ್ಷಿಯನ್ನು ಕೇಳಲು ಹೋಗುತ್ತಿದ್ದೇನೆ, ಬೇರೆ ಏನೂ ಬೇಡ ಎಂದು. ಅದು ನಿಜವಾಗಿತ್ತು. ಅದೇ ನನ್ನ ತಪ್ಪು. ದೋಣಿ ದಡ ಬಿಟ್ಟು ಒಂದು ಕೂಗಳತೆ ಹೋಗುವಷ್ಟರಲ್ಲಿ, ಬೇಸಿಗೆಯಲ್ಲಿ ಯಾರೂ ಕಂಡು ಕೇಳಿರದಂಥ ಉಬ್ಬುಗಳು ಎದ್ದವು. ನಾನು ಹೊಸ ಅಂಗಿಯ ಮೇಲೆಯೇ ವಾಂತಿ ಮಾಡಿಕೊಂಡು ದೋಣಿಯ ತಳದಲ್ಲಿ ಬಿದ್ದುಕೊಂಡೆ.

ಹಿರಿಯರೆಂದು ಅತ್ತೆಯೂ ಬಂದಿದ್ದರು. ಬೇಡವೆಂದರೂ ಕೇಳಿರಲಿಲ್ಲ. ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ, ಮಡಿಲಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ, ಚಾಪೆ ಹಾಸಿದ ಹಲಗೆಯ ಮೇಲೆ ದೇವರ ಹಾಗೆ ಕೂತಿದ್ದರು.

"ನಾನು ಬೀಗರಿಗೆ ಉಪ್ಪಿನಕಾಯಿ ಕೊಡ್ಲಿಕ್ಕೆ ಹೊರಟದ್ದು," ಎಂದರು ನೀರಿನ ಕಡೆ ಬಾಗಿ, ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ. "ನನಗೆ ಮೊಣಕಾಲು ನೋವು. ತೆರೆಯೆಲ್ಲ ಯಾರಿಗೆ ಬೇಕು?"

ದೋಣಿ ಒಂದಾಳೆತ್ತರ ಮೇಲೆ ಹೋಗಿ ಕೆಳಗೆ ಬಂತು. ನಾನು ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದೆ. ಅತ್ತೆಯ ಮುಖ ಮಗುವಿನ ಮುಖದಷ್ಟು ಸಾಚಾ ಆಗಿತ್ತು, ಕಿವಿ ಒಂದಿಷ್ಟೂ ಕೆಂಪಾಗಿರಲಿಲ್ಲ. ಅವರ ಬಲಗೈ ಮಾತ್ರ ಚಾಪೆಯ ಅಡಿಯಲ್ಲಿ, ಮೆಲ್ಲಮೆಲ್ಲಗೆ, ಮಣೆಗೆ ಜೇನುಮೇಣ ಉಜ್ಜುತ್ತಿತ್ತು.